ಟ್ರಿಗರ್ ಗಟ್ಟಿ ಇದೆ ಅಂತ ಅರ ಹಿಡಿಯುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಬಾಯಿಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿ, ರೈಫಲ್‌ಗಳದ್ದೇ. ಅದರಲ್ಲೂ ಟ್ರಿಗರ್‌ದೇ ಗೋಳು. ಒಬ್ಬರಿಗೆ ಗಟ್ಟಿ, ಇನ್ನೊಬ್ಬರಿಗೆ ತೀರಾ ಸಡಿಲ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಒಟ್ಟಿಗೆ ತಗೊಂಡಿದ್ದೇನೆ. ಕೇಪು ಅಂದರೆ ಬಡಿದಾಗ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಟೊಪ್ಪಿ. ಕುದುರೆ ಅಂತ ಬರೆದ ಕಡೆಯೆಲ್ಲ ಕೇಪಿಗೆ ಬಡಿಯುವ ಹ್ಯಾಮರ್ ಅಂತಲೇ ಓದಿಕೊಳ್ಳಿ, ಬೆರಳಿನಿಂದ ಎಳೆಯುವುದನ್ನು ಟ್ರಿಗರ್ ಅಂತಲೇ ಕರೆದಿದ್ದೇನೆ.

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಅಮೆರಿಕದ ಸಿನ್ಸಿನಾಟಿಯಲ್ಲಿದ್ದೇನೆ. ಇಲ್ಲಿನ ಸ್ನೇಹಿತರಿಂದ ಮದ್ದಿನ ರೈಫಲ್‌ನಲ್ಲಿ ಗುರಿ ಹೊಡೆಯುವ ಹುಚ್ಚು ಅಂಟಿಕೊಂಡಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹಾಕಿನ್ ಮಾದರಿಯ ಕೇಪಿನ ರೈಫಲ್ ತಗೊಂಡೆ. ಒಂದೇ ಟ್ರಿಗರ್ ಇದೆ. ಅದು ಎಷ್ಟು ಗಟ್ಟಿ ಅಂದರೆ ಎಳೆಯುವಷ್ಟರಲ್ಲಿ ಗುರಿಯೇ ತಪ್ಪಿ ಹೋಗುತ್ತದೆ. ಒಳಗಿನ ಹಲ್ಲನ್ನು ಸಾಣೆಕಲ್ಲಿನಲ್ಲಿ ಉಜ್ಜಿದರೆ ಹಗುರ ಆಗುತ್ತದೆ ಅಂತ ಒಬ್ಬರು ಹೇಳಿದರು. ಉಜ್ಜಲಾ?

ಈಗಲೇ ಬೇಡ. ಉಜ್ಜುವುದು ಕೊನೆಯ ಕೆಲಸ, ಎಷ್ಟೋ ಸಲ ಅದರ ಅಗತ್ಯವೇ ಬರುವುದಿಲ್ಲ. ಟ್ರಿಗರ್ ಗಟ್ಟಿ ಅಂತ ಬರುವ ದೂರುಗಳಲ್ಲಿ ಹಲ್ಲಿಗಿಂತ ಮರ, ಸ್ಕ್ರೂ, ಕೊಳೆ ಇವುಗಳ ತಪ್ಪೇ ಜಾಸ್ತಿ.

ಒಳಗೆ ಏನಾಗುತ್ತದೆ ಅಂತ ಮೊದಲು ನೋಡೋಣ. ಕುದುರೆ, ಅದನ್ನು ಹಿಡಿದು ಬಿಡುವ ತುಂಡುಗಳು ಎಲ್ಲ ಸೇರಿ ಕೋವಿಯ ಮರದ ಪಕ್ಕಕ್ಕೆ ಕೂರಿಸಿದ ಜೋಡಣೆಗೆ ಲಾಕ್ ಅನ್ನುತ್ತಾರೆ. ಕುದುರೆಗೆ ಸೇರಿದಂತೆ ಲಾಕ್ ಒಳಗೆ ಟಂಬ್ಲರ್ ಅನ್ನುವ ಒಂದು ಗುಂಡನೆಯ ತುಂಡು ಇರುತ್ತದೆ. ಅದರಲ್ಲಿ ಎರಡು ಕಚ್ಚು. ಅರ್ಧ ಎತ್ತಿದಾಗ ಕೂರುವುದು ಒಂದು, ಪೂರ್ತಿ ಎತ್ತಿದಾಗ ಕೂರುವುದು ಇನ್ನೊಂದು. ಸಿಯರ್ ಅನ್ನುವ ಕೊಂಡಿಯ ಮೂಗು ಈ ಕಚ್ಚಿನಲ್ಲಿ ಸಿಕ್ಕಿಕೊಂಡು ಕುದುರೆಯನ್ನು ಹಿಡಿದಿಡುತ್ತದೆ. ನೀವು ಹಲ್ಲು ಅಂದದ್ದು ಈ ಕಚ್ಚು, ಮೂಗುಗಳನ್ನೇ. ಸಿಯರ್‌ಗೆ ಒಂದು ತೋಳಿದೆ, ಅದು ಲಾಕ್‌ನಿಂದ ಮರದೊಳಗೆ ಅಡ್ಡ ಚಾಚಿಕೊಂಡಿರುತ್ತದೆ. ನೀವು ಟ್ರಿಗರ್ ಎಳೆದಾಗ ಅದರ ಮೇಲ್ತುದಿ ಈ ತೋಳನ್ನು ಎತ್ತುತ್ತದೆ, ಮೂಗು ಕಚ್ಚಿನಿಂದ ಜಾರುತ್ತದೆ, ಕುದುರೆ ಬೀಳುತ್ತದೆ. ಇಷ್ಟೇ ಕಥೆ. ಹಾಗಾದರೆ ಬೆರಳಿಗೆ ಗಟ್ಟಿ ಅನ್ನಿಸಲು ಕಾರಣ ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು, ಅಲ್ವಾ?

ಕೆಲಸ ಶುರು ಮಾಡುವ ಮೊದಲು ನಳಿಗೆ ಖಾಲಿ ಇದೆಯಾ ನೋಡಿ. ಕೇಪು ತೆಗೆದಿದ್ದೇನೆ, ಸಾಕು ಅನ್ನಬೇಡಿ. ಮದ್ದು ಜಡಿಯುವ ಕಡ್ಡಿಯನ್ನು ನಳಿಗೆಯೊಳಗೆ ಬಿಟ್ಟು, ಬಾಯಿಯ ಹತ್ತಿರ ಬೆರಳಿಟ್ಟು ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಿರಿ. ಕಡ್ಡಿಯ ತುದಿ ಹತ್ತಿರ ಹತ್ತಿರ ನಿಪ್ಪಲ್ (ಕೇಪು ಕೂರಿಸುವ ಮೊನೆ) ಇರುವ ಜಾಗದವರೆಗೂ ಬರಬೇಕು. ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ.

ಈಗ ಲಾಕ್ ಬಿಚ್ಚಿ. ಕುದುರೆ ಅರ್ಧಕ್ಕೆ ಎತ್ತಿರಲಿ. ಎದುರು ಬದಿಯ ಸ್ಕ್ರೂವನ್ನು ಕೆಲವು ಸುತ್ತು ಸಡಿಲ ಮಾಡಿ, ಅದರ ತಲೆಯ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಲಾಕ್ ತಾನಾಗಿ ಹೊರಗೆ ಬರುತ್ತದೆ. ಅಂಚಿಗೆ ಚಾಕು ತೂರಿಸಿ ಕೀಳಲು ಹೋದರೆ ಮರ ಸೀಳುತ್ತದೆ. ಹೊರಗೆ ಬಂದ ಲಾಕ್‌ನ ಕುದುರೆಯನ್ನು ಹೆಬ್ಬೆರಳಿನಿಂದ ಹಿಡಿದುಕೊಂಡೇ ಪೂರ್ತಿ ಎತ್ತಿ, ಸಿಯರ್ ತೋಳನ್ನು ಬೆರಳಲ್ಲಿ ಒತ್ತಿ ನೋಡಿ. ಕುದುರೆಯನ್ನು ಮಾತ್ರ ಬಿಡಬೇಡಿ. ನಿಪ್ಪಲ್ ತಡೆಯುವುದಕ್ಕೆ ಇಲ್ಲದಾಗ ಅದು ಬಡಿದರೆ ಟಂಬ್ಲರ್ ಅಥವಾ ಅದನ್ನು ಹಿಡಿದಿರುವ ಪಟ್ಟಿ ಮುರಿಯಬಹುದು.

ಕೈಯಲ್ಲಿ ಹಿಡಿದಾಗ ಸಿಯರ್ ಸಲೀಸಾಗಿ ಜಾರುತ್ತದೆ, ಮರಕ್ಕೆ ಕೂರಿಸಿದರೆ ಮಾತ್ರ ಗಟ್ಟಿ ಅಂದರೆ ಲಾಕ್‌ನ ಹಲ್ಲಿನದು ಏನೂ ತಪ್ಪಿಲ್ಲ. ತಪ್ಪು ಮರದ್ದು ಅಥವಾ ಟ್ರಿಗರ್‌ದು. ಸಿಯರ್ ತೋಳಿಗೆ ದೀಪದ ಮಸಿ ಹಚ್ಚಿ ಲಾಕ್ ಕೂರಿಸಿ, ಒಂದೆರಡು ಸಲ ಟ್ರಿಗರ್ ಎಳೆದು ಮತ್ತೆ ಬಿಚ್ಚಿ. ಮರದ ಗುಳಿಯಲ್ಲಿ ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ತೋಳು ಉಜ್ಜುತ್ತಿದೆ. ಅಷ್ಟು ಜಾಗವನ್ನು ಮಾತ್ರ ಸಣ್ಣ ಉಳಿಯಿಂದ ಕೆರೆಯಿರಿ. ಟ್ರಿಗರ್‌ನ ಅಲಗು ತನ್ನ ಸೀಳಿನಲ್ಲಿ ಎರಡೂ ಪಕ್ಕಕ್ಕೆ ತಗಲದೆ ಆಡುತ್ತದಾ ಅದನ್ನೂ ನೋಡಿ. ಇನ್ನೊಂದು ಸುಲಭದ ಪರೀಕ್ಷೆ ಇದೆ. ಲಾಕ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿ ಟ್ರಿಗರ್ ಎಳೆಯಿರಿ. ಆಗ ಹಗುರ ಅನ್ನಿಸಿದರೆ ಯಾರೋ ಆ ಸ್ಕ್ರೂವನ್ನು ಜೋರಾಗಿ ಬಿಗಿದು ಲಾಕ್ ಅನ್ನು ಮರದೊಳಗೆ ಹಿಸುಕಿದ್ದಾರೆ ಅಂತಲೇ. ಲಾಕ್ ಸ್ಕ್ರೂ ಕೂತರೆ ಸಾಕು, ಅದನ್ನು ಕೈಬಲ ತೋರಿಸಿ ಬಿಗಿಯುವ ಕೆಲಸ ಇಲ್ಲ.

ಇದೆಲ್ಲ ಸರಿ ಇದ್ದೂ ಗಟ್ಟಿಯಾಗಿದ್ದರೆ ಟ್ರಿಗರ್ ಪಿನ್ ಎಲ್ಲಿದೆ ನೋಡಿ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಬೆರಳಿನ ಭಾರವನ್ನು ಜಾಸ್ತಿ ತೀರ್ಮಾನ ಮಾಡುವುದು ಇದೇ. ಒಂದು ಲೆಕ್ಕ ಹೇಳುತ್ತೇನೆ. ಪಿನ್‌ನಿಂದ ಬೆರಳು ಒತ್ತುವ ಜಾಗಕ್ಕೆ 1 ಇಂಚು, ಪಿನ್‌ನಿಂದ ಸಿಯರ್ ತೋಳು ತಗಲುವ ಜಾಗಕ್ಕೆ ಕಾಲು ಇಂಚು ಅಂತ ಇಟ್ಟುಕೊಳ್ಳಿ. ತೋಳನ್ನು ಎತ್ತಲು 8 ಪೌಂಡ್ ಬೇಕಿದ್ದರೆ ಬೆರಳಿಗೆ 2 ಪೌಂಡ್ ಸಾಕು. ಅದೇ ಕಾಲು ಇಂಚಿನ ಬದಲು ಅರ್ಧ ಇಂಚಾದರೆ ಬೆರಳು 4 ಪೌಂಡ್ ಎಳೆಯಬೇಕು. ಲಾಕ್ ಅದೇ, ಸ್ಪ್ರಿಂಗ್ ಅದೇ, ಹಲ್ಲೂ ಅದೇ. ಹಳೇ ಪೆನ್ಸಿಲ್ವೇನಿಯಾ ರೈಫಲ್ ಮಾಡುತ್ತಿದ್ದ ಒಳ್ಳೆಯ ಕೈಗಳು ಈ ಪಿನ್ನನ್ನು ಮರದಲ್ಲಿ ಎತ್ತರಕ್ಕೆ, ಸಿಯರ್ ತೋಳಿಗೆ ಹತ್ತಿರ ಇಡುತ್ತಿದ್ದದ್ದು ಸುಮ್ನೆ ಅಲ್ಲ. ಕಾರ್ಖಾನೆಯ ನಕಲುಗಳಲ್ಲಿ ಟ್ರಿಗರ್ ಅನ್ನು ಕೆಳಗಿನ ತಟ್ಟೆಗೇ ಪಿನ್ ಮಾಡಿದ್ದರೆ ಪಿನ್ ಕೆಳಗೆ ಹೋಗುತ್ತದೆ, ಎಳೆತ ಗಟ್ಟಿಯಾಗುತ್ತದೆ. ಪಿನ್ ಜಾಗ ಬದಲಿಸುವುದು ಮರಗೆಲಸ, ಲೋಹದ ಕೆಲಸ ಎರಡೂ ಗೊತ್ತಿದ್ದವರ ಪಾಲಿಗೆ ಬಿಡಿ, ಆದರೆ ಹಲ್ಲು ಉಜ್ಜುವುದಕ್ಕಿಂತ ಅದೇ ಒಳ್ಳೆಯ ರಿಪೇರಿ.

ಇನ್ನು ಸಿಯರ್ ಸ್ಪ್ರಿಂಗ್. ಅದು ಬೇಕಾದ್ದಕ್ಕಿಂತ ದಪ್ಪ ಇದ್ದರೆ ಉದ್ದಕ್ಕೆ ಉಜ್ಜಿ ತುಸು ತೆಳು ಮಾಡಬಹುದು. ಅಡ್ಡ ಗೀರು ಬಿದ್ದರೆ ಅಲ್ಲಿಂದಲೇ ಮುರಿಯುತ್ತದೆ, ಜೋಪಾನ. ಟ್ರಿಗರ್ ಮೇಲ್ತುದಿ ಮತ್ತು ಸಿಯರ್ ತೋಳು ಒಂದಕ್ಕೊಂದು ತಗಲುವ ಜಾಗವನ್ನು ಕನ್ನಡಿಯ ಹಾಗೆ ನುಣುಪು ಮಾಡಿದರೂ ತುಂಬ ವ್ಯತ್ಯಾಸ ಗೊತ್ತಾಗುತ್ತದೆ. ಕುದುರೆಯನ್ನು ಬಡಿಸುವ ದೊಡ್ಡ ಸ್ಪ್ರಿಂಗ್‌ಗೆ ಮಾತ್ರ ಕೈ ಹಚ್ಚಬೇಡಿ. ಅದನ್ನು ಸೋಲಿಸಿದರೆ ಟ್ರಿಗರ್ ಸ್ವಲ್ಪ ಹಗುರ ಆಗಬಹುದು, ಜೊತೆಗೆ ಕೇಪು ಸಿಡಿಯುವುದನ್ನೂ ಬಿಡುತ್ತದೆ.

ಈಗ ಆ ಹಲ್ಲು. ಟಂಬ್ಲರ್, ಸಿಯರ್‌ಗಳ ಮೇಲ್ಪದರ ಮಾತ್ರ ಗಟ್ಟಿ ಮಾಡಿರುವುದು ಬಹಳ ಲಾಕ್‌ಗಳಲ್ಲಿ ಮಾಮೂಲಿ. ಸಾಣೆಕಲ್ಲಿನಲ್ಲಿ ಆ ಪದರ ಹೋಯಿತು ಅಂದರೆ ಒಳಗಿನ ಮೆತ್ತನೆ ಉಕ್ಕು ಸಿಗುತ್ತದೆ. ಮೊದಲ ದಿನ ಟ್ರಿಗರ್ ಬೆಣ್ಣೆ, ಆಮೇಲೆ ಸವೆಯುತ್ತಾ ಹೋಗಿ ಒಂದು ದಿನ ಕುದುರೆ ನಿಲ್ಲುವುದೇ ಇಲ್ಲ. ಅದಕ್ಕಿಂತ ಅಪಾಯದ್ದು ಕೋನ. ಟ್ರಿಗರ್ ಮೆಲ್ಲಗೆ ಎಳೆಯುತ್ತಾ ಕುದುರೆಯನ್ನೇ ನೋಡಿ. ಅದು ಅಲ್ಲಾಡಬಾರದು ಅಥವಾ ಕೂದಲೆಳೆಯಷ್ಟು ಹಿಂದಕ್ಕೆ ಹೋಗಿ ಆಮೇಲೆ ಬೀಳಬೇಕು. ಬೀಳುವ ಮೊದಲೇ ಮುಂದಕ್ಕೆ ತೆವಳುತ್ತಿದ್ದರೆ ಕೋನ ತಿರುಗಿದೆ, ಆ ಕಚ್ಚು ಸಿಯರ್ ಅನ್ನು ತಾನೇ ಹೊರಗೆ ದೂಡುತ್ತಿದೆ. ಅಂಥ ರೈಫಲ್‌ಗೆ ಮದ್ದು ತುಂಬಬಾರದು. ಈ ಕೋನ ಸರಿ ಮಾಡಿ, ಮತ್ತೆ ಬೆಂಕಿಗೆ ಹಾಕಿ ಗಟ್ಟಿ ಮಾಡುವುದು ಲಾಕ್ ಕೆಲಸದವರದು.

ನಿಮ್ಮ ಅದೃಷ್ಟಕ್ಕೆ ಇಂಡಿಯಾನಾದ ಫ್ರೆಂಡ್‌ಶಿಪ್ ಊರು ನಿಮಗೆ ಹತ್ತಿರ. ಅಮೆರಿಕದ ಮಜಲ್‌ಲೋಡಿಂಗ್ ರೈಫಲ್ ಸಂಘ 1933ರಲ್ಲಿ ಶುರುವಾದದ್ದು, ಅದರ ರಾಷ್ಟ್ರೀಯ ಪಂದ್ಯಗಳು ಅಲ್ಲೇ ನಡೆಯುತ್ತವೆ. ಪಂದ್ಯದ ಸಮಯಕ್ಕೆ ಹೋದರೆ ಲಾಕ್ ಕೆಲಸ ಗೊತ್ತಿರುವವರು ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಾರೆ. ಲಾಕ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ ತೋರಿಸಿ.

ಪ್ರಶ್ನೆ: ಎಳೆತ ಎಷ್ಟಿರಬೇಕು? ಅಳೆಯುವುದು ಹೇಗೆ? (ಅದೇ ಓದುಗರು)

ಸೂಟ್‌ಕೇಸ್ ತೂಗುವ ಕೈತಕ್ಕಡಿ ಸಾಕು. ಖಾಲಿ ರೈಫಲ್, ಕುದುರೆ ಪೂರ್ತಿ ಎತ್ತಿದೆ, ನಿಪ್ಪಲ್ ಮೇಲೆ ದಪ್ಪ ಚರ್ಮದ ತುಂಡು ಅಥವಾ ನಲ್ಲಿಯ ವಾಷರ್. ತಕ್ಕಡಿಯ ಕೊಕ್ಕೆಯನ್ನು ಟ್ರಿಗರ್‌ನಲ್ಲಿ ಬೆರಳು ಕೂರುವ ಜಾಗಕ್ಕೇ ಸಿಕ್ಕಿಸಿ ನೇರ ಹಿಂದಕ್ಕೆ ಎಳೆಯಿರಿ. ಕುದುರೆ ಬಿದ್ದಾಗ ತೋರಿಸಿದ್ದು ಎಳೆತ. ಕೆಲವು ಸಲ ಎಳೆದು ನೋಡಿ. ಒಂದೊಂದು ಸಲ ಒಂದೊಂದು ತೋರಿಸಿದರೆ ಅದೇ ಒಂದು ಸುದ್ದಿ, ಎಲ್ಲೋ ಏನೋ ತಡೆಯುತ್ತಿದೆ ಅಂತ.

ಕಾಡಿಗೆ ಒಯ್ಯುವ ಒಂಟಿ ಟ್ರಿಗರ್ ರೈಫಲ್‌ಗೆ 3ರಿಂದ 4 ಪೌಂಡ್, ಅಂದರೆ ಸುಮಾರು 1.4ರಿಂದ 1.8 ಕಿಲೋ ಇದ್ದರೆ ಚೆಂದ. ಅದಕ್ಕಿಂತ ಇಳಿಸುವ ಆಸೆ ಬೇಡ. ಹಳೇ ಸೈನ್ಯದ ಕೋವಿಗಳ ಟ್ರಿಗರ್ ಇದಕ್ಕಿಂತ ಎಷ್ಟೋ ಗಟ್ಟಿ ಇರುತ್ತಿತ್ತು, ಬೇಕಂತಲೇ ಹಾಗೆ ಇಟ್ಟಿದ್ದರು. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರ ಕೈಯಲ್ಲಿ ಹಗುರ ಟ್ರಿಗರ್ ಇದ್ದರೆ ಶತ್ರುವೇ ಬೇಕಿರಲಿಲ್ಲ.

ಇನ್ನೊಂದು ಮಾತು. ಎಳೆತದ ಭಾರ ಬೇರೆ, ಕೊರಕೊರ ಅಂತ ಎಳೆಯುತ್ತಾ ಹೋಗುವುದು ಬೇರೆ. 4 ಪೌಂಡ್ ಇದ್ದರೂ ಟಕ್ ಅಂತ ಬಿಟ್ಟುಕೊಟ್ಟರೆ ಹಗುರ ಅನ್ನಿಸುತ್ತದೆ. ಜನ ಬೈಯುವುದು ಭಾರವನ್ನು, ಅವರಿಗೆ ತೊಂದರೆ ಕೊಡುತ್ತಿರುವುದು ಎಷ್ಟೋ ಸಲ ಆ ಕೊರಕೊರ.

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮ ಮನೆ. ಅಜ್ಜನ ಕಾಲದ ಕೇಪಿನ ಕೋವಿ ಇದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಇಳಿಸಿ ಒರೆಸಿ ಪೂಜೆ ಮಾಡುತ್ತೇವೆ. ಬೇಸಿಗೆಯಲ್ಲಿ ಸರಿಯಾಗಿಯೇ ಇರುವ ಟ್ರಿಗರ್ ಮಳೆಗಾಲ ಕಳೆದು ನೋಡಿದರೆ ಕಲ್ಲಿನ ಹಾಗೆ. ಚಳಿಗಾಲದ ಬೆಳಿಗ್ಗೆಯೂ ಹಾಗೇ. ಯಾಕೆ ಸರ್?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಬೇಸಿಗೆಯಲ್ಲಿ ಸರಿ ಇದೆ ಅಂದರೆ ಕಬ್ಬಿಣದ್ದು ತಪ್ಪಿಲ್ಲ. ಕೊಡಗಿನ ಜೂನ್‌, ಜುಲೈ, ಆಗಸ್ಟ್ ತಿಂಗಳ ಗಾಳಿಗೆ ಮರ ನೀರು ಕುಡಿದು ಊದಿಕೊಳ್ಳುತ್ತದೆ. ನಾರಿನ ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಲಾಕ್ ಕೂರುವ ಗುಳಿ, ಟ್ರಿಗರ್ ಆಡುವ ಸೀಳು ಎರಡೂ ಇಕ್ಕಟ್ಟಾಗಿ ಸಿಯರ್ ತೋಳನ್ನೋ ಟ್ರಿಗರ್ ಅಲಗನ್ನೋ ಹಿಡಿಯುತ್ತವೆ. ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ 3ಕ್ಕೆ, ಅಂದರೆ ಮರ ಪೂರ್ತಿ ಊದಿಕೊಂಡಿರುವ ಹೊತ್ತಿಗೇ ನೀವು ಕೋವಿ ಮುಟ್ಟುವುದು. ಮೇಲೆ ಸಿನ್ಸಿನಾಟಿಯವರಿಗೆ ಹೇಳಿದ ದೀಪದ ಮಸಿಯ ಪರೀಕ್ಷೆಯನ್ನು ಆಗಲೇ ಮಾಡಿಸಿ, ಬೇಸಿಗೆಯಲ್ಲಿ ಮಾಡಿದರೆ ಏನೂ ಕಾಣುವುದಿಲ್ಲ. ಗುಳಿಯ ಒಳಮೈ ಎಷ್ಟೋ ಹಳೇ ಕೋವಿಗಳಲ್ಲಿ ಬೋಳು ಮರ. ಹೊರಗೆ ಮಾತ್ರ ಪಾಲಿಶ್. ಒಣ ದಿನ ನೋಡಿ ಒಳಗೂ ಅಗಸೆ ಎಣ್ಣೆ ಒರೆಸಿ, ಚೆನ್ನಾಗಿ ಆರಲು ಬಿಟ್ಟರೆ ನೀರು ಕುಡಿಯುವುದು ಕಡಿಮೆಯಾಗುತ್ತದೆ.

ಚಳಿಗಾಲದ್ದು ಬೇರೆ ಕಾಯಿಲೆ. ಲಾಕ್‌ಗೆ ಕೊಬ್ಬರಿ ಎಣ್ಣೆ ಹಾಕುತ್ತೀರಾ? ಹಾಕುತ್ತಿದ್ದರೆ ಅದೇ ಕಾರಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರ್ ಬೆಳಿಗ್ಗೆ ನಿಮ್ಮ ಬಚ್ಚಲಿನ ಬಾಟಲಿಯಲ್ಲಿ ಕಾಣುವುದಿಲ್ಲವೇ? ಲಾಕ್ ಒಳಗೂ ಅದೇ ಆಗುತ್ತದೆ, ಜೊತೆಗೆ ವರ್ಷಗಟ್ಟಲೆ ಬಿಟ್ಟರೆ ಅಂಟಾಗುತ್ತದೆ. ಸೀಮೆಎಣ್ಣೆಯಲ್ಲಿ ಹಳೆಯದನ್ನೆಲ್ಲ ತೊಳೆದು, ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಹಾಕಿ. ಕೀಲು ಇರುವ ಕಡೆ ಒಂದೊಂದು ಹನಿ. ಸುರಿದರೆ ಮರ ಕುಡಿದು ಮೆತ್ತಗಾಗುತ್ತದೆ.

ಈಡು ಹಾರಿಸಿದ ಮೇಲೆ ನಳಿಗೆ ತೊಳೆಯುವಾಗ ಲಾಕ್ ಬಿಚ್ಚಿ ಪಕ್ಕಕ್ಕೆ ಇಡುತ್ತೀರಾ ಅದನ್ನೂ ಯೋಚನೆ ಮಾಡಿ. ಕರಿಮದ್ದು ಉರಿದು ಉಳಿಯುವ ಮಸಿಯಲ್ಲಿ ಉಪ್ಪಿನ ಅಂಶ ಜಾಸ್ತಿ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬಿಸಿನೀರು ಹಾಕಿ ತೊಳೆದಾಗ ಆ ಕೊಳೆನೀರು ನಿಪ್ಪಲ್ ಸುತ್ತಿನಿಂದ ಲಾಕ್ ಒಳಗೆ ಇಳಿದರೆ ಒಂದೇ ಮಳೆಗಾಲ ಸಾಕು, ಸಿಯರ್ ಸ್ಕ್ರೂ ತುಕ್ಕು ಹಿಡಿದು ಕೂರುತ್ತದೆ.

ದಯವಿಟ್ಟು ಇದನ್ನು ಮಾತ್ರ ಮರೆಯಬೇಡಿ. ಗೋಡೆಗೆ ತೂಗಿದ ಅಜ್ಜನ ಕೋವಿಯಲ್ಲಿ ಅಜ್ಜ ತುಂಬಿಟ್ಟ ಮದ್ದು ಇನ್ನೂ ಇರಬಹುದು. ಕರಿಮದ್ದು ಒಣಗಿ ಇದ್ದರೆ ಬಹಳ ವರ್ಷ ಕಳೆದರೂ ಸಾಯುವುದಿಲ್ಲ. ಟ್ರಿಗರ್ ಸಡಿಲ ಆಯಿತಾ ಅಂತ ಮಕ್ಕಳ ಮುಂದೆ ಎಳೆದು ನೋಡುವ ಮೊದಲು ಕಡ್ಡಿ ಬಿಟ್ಟು ನಳಿಗೆ ಅಳೆಯಿರಿ.

ಪ್ರಶ್ನೆ: ಕೊಡವರಿಗೆ ಕೋವಿ ಲೈಸೆನ್ಸ್ ಬೇಡ ಅಲ್ವಾ, ಹಾಗಾದರೆ ರಿಪೇರಿಯನ್ನೂ ನಾವೇ ಮಾಡಿಕೊಳ್ಳಬಹುದಲ್ಲ? (ಸೋಮವಾರಪೇಟೆ)

ಎರಡನ್ನೂ ಕಲೆಸಬೇಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ಕೋವಿ ತಯಾರಿಸುವುದು, ಮಾರ್ಪಡಿಸುವುದು, ರಿಪೇರಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿಗೆ ಬರುತ್ತದೆ, ಅದಕ್ಕೆ ಬೇರೆ ಲೈಸೆನ್ಸ್. ಒರೆಸುವುದು, ಎಣ್ಣೆ ಹಾಕುವುದು ಮನೆಯಲ್ಲಿ ಮಾಡಿ. ಮರ ಕೆರೆಯುವುದು, ಸ್ಪ್ರಿಂಗ್, ಟಂಬ್ಲರ್ ಮುಟ್ಟುವುದು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಮಾಡಿಸಿ. ಸಿನ್ಸಿನಾಟಿಯವರಿಗೆ ಬರೆದದ್ದನ್ನು ಓದಿ ಇಲ್ಲಿ ಅದೇ ಮಾಡಲು ಹೋಗಬೇಡಿ, ಆ ದೇಶದ ಕಾನೂನು ಬೇರೆ.

ಪ್ರಶ್ನೆ: ತೀರ್ಥಹಳ್ಳಿ ಕಡೆ ತೋಟ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಒಂಟಿ ನಳಿಗೆ ಕೇಪಿನ ಕೋವಿ. ಟ್ರಿಗರ್ ಗಟ್ಟಿ ಅಂತ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅರ ಹಾಕಿಸಿದೆವು. ಈಗ ತುಂಬ ಸಲೀಸು, ಆದರೆ ಒಂದು ಸಲ ಹಿಂಬದಿ ನೆಲಕ್ಕೆ ತಾಗಿದಾಗ ಕುದುರೆ ತಾನೇ ಬಿತ್ತು. ಕೇಪು ಇರಲಿಲ್ಲ, ಪುಣ್ಯ. ಅರ್ಧ ಎತ್ತಿಟ್ಟರೆ ಪರವಾಗಿಲ್ಲವಾ?

ಪರವಾಗಿಲ್ಲ ಅನ್ನುವ ಮಾತೇ ಇಲ್ಲ ಮಾರಾಯ್ರೇ, ಬಹಳ ಅಪಾಯ! ಆ ಕೋವಿಯನ್ನು ಇವತ್ತಿನಿಂದ ತುಂಬಬೇಡಿ.

ಪೂರ್ತಿ ಎತ್ತಿದ ಕಚ್ಚನ್ನು ಅರದಲ್ಲಿ ತಿಂದವರು ಅರ್ಧದ ಕಚ್ಚನ್ನು ಬಿಟ್ಟಿದ್ದಾರೆ ಅಂತ ಏನು ಗ್ಯಾರಂಟಿ? ಸಿಯರ್ ಮೂಗನ್ನೇ ಅರ ಹಾಕಿದ್ದರೆ ಎರಡೂ ಕೆಟ್ಟಿರುತ್ತವೆ, ಯಾಕಂದರೆ ಮೂಗು ಇರುವುದು ಒಂದೇ. ಅರ್ಧದ ಕಚ್ಚು ಆಳವಾಗಿರಬೇಕು, ಮೂಗಿನ ತುದಿ ಅದರೊಳಗೆ ಹೊಕ್ಕು ಸಿಕ್ಕಿಬೀಳಬೇಕು, ಟ್ರಿಗರ್ ಎಷ್ಟೇ ಎಳೆದರೂ ಬಿಡಬಾರದು. ಈ ಕೋವಿಯಲ್ಲಿ ಬೇರೆ ಸೇಫ್ಟಿಯೇ ಇಲ್ಲ, ಇರುವುದು ಅದೊಂದೇ.

ಖಾಲಿ ಕೋವಿ, ನಿಪ್ಪಲ್ ಮೇಲೆ ಚರ್ಮ ಇಟ್ಟು ನೋಡುವುದು ಹೀಗೆ. ಅರ್ಧಕ್ಕೆ ಎತ್ತಿ ಟ್ರಿಗರ್ ಜೋರಾಗಿ ಎಳೆಯಿರಿ, ಬೀಳಬಾರದು. ಪೂರ್ತಿ ಎತ್ತಿ ಕುದುರೆಯ ಹಿಂದೆ ಹೆಬ್ಬೆರಳಿಟ್ಟು ಮುಂದಕ್ಕೆ ದೂಡಿ, ಬೀಳಬಾರದು. ಗೋಣಿ ಹಾಸಿ ಹಿಂಬದಿಯನ್ನು ನೆಲಕ್ಕೆ ಕುಟ್ಟಿ, ಬೀಳಬಾರದು. ಪೂರ್ತಿ ಎತ್ತಿದಾಗ ಟ್ರಿಗರ್ ತುಸು ಗಡಗಡ ಆಡಬೇಕು. ಆಡದಿದ್ದರೆ ಟ್ರಿಗರ್ ಆಗಲೇ ಸಿಯರ್ ತೋಳನ್ನು ಎತ್ತಿ ಹಿಡಿದಿದೆ, ಮೂಗು ಕಚ್ಚಿನ ತಳಕ್ಕೆ ಕೂತಿಲ್ಲ ಅಂತ ಅರ್ಥ. ಆ ಸ್ವಲ್ಪ ಸಡಿಲವನ್ನು ಕೆಟ್ಟದ್ದು ಅಂತ ತಿಳಿದು ವೆಲ್ಡಿಂಗ್ ಚುಕ್ಕಿ ಇಟ್ಟು ತುಂಬಿಸುವವರೂ ಇದ್ದಾರೆ, ಬೇಡ.

ನಿಮ್ಮದು ಆಗಲೇ ಒಂದು ಪರೀಕ್ಷೆಯಲ್ಲಿ ಫೇಲ್ ಆಗಿದೆ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದು ಟಂಬ್ಲರ್, ಸಿಯರ್ ಎರಡನ್ನೂ ಹೊಸದಾಗಿ ಮಾಡಿಸಿ. ತುಂಬುವ ವೆಲ್ಡಿಂಗ್, ಮತ್ತೆ ಅರ, ಇದೆಲ್ಲ ದುಡ್ಡು ಉಳಿಸುವ ದಾರಿ ಅಲ್ಲ. ವೆಲ್ಡಿಂಗ್ ಬಿಸಿಗೆ ಉಕ್ಕಿನ ಗಟ್ಟಿತನ ಹೋಗಿ ಬಿಡುತ್ತದೆ.

ಪ್ರಶ್ನೆ: ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿದ್ದೇವೆ. ನಮ್ಮ ಯಜಮಾನರು ಕಿಟ್ ತಂದು ಮನೆಯಲ್ಲೇ ಉದ್ದ ರೈಫಲ್ ಜೋಡಿಸಿದರು. ಅದಕ್ಕೆ ಎರಡು ಟ್ರಿಗರ್, ನಡುವೆ ಒಂದು ಪುಟ್ಟ ಸ್ಕ್ರೂ. ಸ್ಕ್ರೂ ಒಳಗೆ ತಿರುಗಿಸಿದರೆ ಹಿಂದಿನ ಟ್ರಿಗರ್ ಕೂರುವುದೇ ಇಲ್ಲ, ಹೊರಗೆ ತಿರುಗಿಸಿದರೆ ಮುಂದಿನದು ಗಟ್ಟಿ. ಜೊತೆಗೆ ಕೆಲವೊಮ್ಮೆ ಕುದುರೆ ಅರ್ಧಕ್ಕೇ ಬಂದು ನಿಲ್ಲುತ್ತದೆ. ಅವರು ಕೇಳಲು ನಾಚಿಕೊಳ್ಳುತ್ತಾರೆ, ನಾನೇ ಬರೆಯುತ್ತಿದ್ದೇನೆ.

ನೀವು ಬರೆದದ್ದು ಒಳ್ಳೆಯದಾಯಿತು ಮೇಡಂ. ಆ ಊರಿನಲ್ಲಿ ಕೂತು ಈ ಪ್ರಶ್ನೆ ಕೇಳುತ್ತಿರುವುದೂ ಚೆಂದವೇ, ಯಾಕಂದರೆ 18ನೇ ಶತಮಾನದಲ್ಲಿ ಜರ್ಮನ್ ಮಾತಾಡುವ ಕುಶಲಕರ್ಮಿಗಳು ಉದ್ದ ರೈಫಲ್ ಮಾಡುತ್ತಿದ್ದ ದೊಡ್ಡ ಕೇಂದ್ರಗಳಲ್ಲಿ ಲ್ಯಾಂಕಾಸ್ಟರ್ ಒಂದು. ಈ ಜೋಡಿ ಟ್ರಿಗರ್ ಕೂಡ ಅವರ ಕಡೆಯಿಂದಲೇ ಬಂದದ್ದು, ಮಧ್ಯ ಯುರೋಪಿನ ಬೇಟೆ ರೈಫಲ್‌ಗಳಿಂದ. ಅದಕ್ಕೂ ಮುಂಚೆ ಅಲ್ಲಿನ ಅಡ್ಡಬಿಲ್ಲುಗಳಲ್ಲೂ ಇಂಥ ಏರ್ಪಾಡು ಇತ್ತು.

ಹಿಂದಿನ ಟ್ರಿಗರ್ ಎಳೆದಾಗ ಒಂದು ಬಲವಾದ ಸ್ಪ್ರಿಂಗ್ ಬಗ್ಗಿ, ಅದರ ಕೊಕ್ಕೆ ಮುಂದಿನ ಟ್ರಿಗರ್‌ನ ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಕ್ಲಿಕ್ ಅಂತ ಕೇಳುತ್ತದಲ್ಲ, ಅದು. ಈಗ ಮುಂದಿನದನ್ನು ಸುಮ್ನೆ ಮುಟ್ಟಿದರೆ ಆ ಸ್ಪ್ರಿಂಗ್ ಬಿಟ್ಟುಕೊಂಡು ಸಿಯರ್ ತೋಳಿಗೆ ಕೆಳಗಿನಿಂದ ಪಟ್ ಅಂತ ಹೊಡೆಯುತ್ತದೆ. ಅಂದರೆ ಲಾಕ್ ಬಿಡಿಸುವುದು ನಿಮ್ಮ ಬೆರಳಲ್ಲ, ಸ್ಪ್ರಿಂಗ್. ಆದ್ದರಿಂದಲೇ ಲಾಕ್ ಎಷ್ಟೇ ಗಟ್ಟಿ, ಭದ್ರ ಇದ್ದರೂ ಮುಂದಿನ ಟ್ರಿಗರ್‌ಗೆ ಕೆಲವೇ ಔನ್ಸ್ ಸಾಕಾಗುತ್ತದೆ. ಎಂಥ ತಲೆ ನೋಡಿ, ಭದ್ರತೆಯನ್ನೂ ಬಿಡದೆ ಹಗುರವನ್ನೂ ಪಡೆದರು!

ಆ ಪುಟ್ಟ ಸ್ಕ್ರೂ ಮಾಡುವುದು ಒಂದೇ ಕೆಲಸ. ಎರಡು ಕೊಕ್ಕೆಗಳು ಒಂದನ್ನೊಂದು ಎಷ್ಟು ಆಳ ಹಿಡಿಯಬೇಕು ಅಂತ ಅದು ಹೇಳುತ್ತದೆ. ಒಳಗೆ ತಿರುಗಿಸಿದಷ್ಟೂ ಹಿಡಿತ ಕಡಿಮೆ, ಎಳೆತ ಹಗುರ. ಮಿತಿ ದಾಟಿದರೆ ಹಿಡಿತವೇ ಇಲ್ಲ, ನಿಮ್ಮಲ್ಲಿ ಆಗುತ್ತಿರುವುದು ಅದೇ. ಖಾಲಿ ರೈಫಲ್, ಕುದುರೆ ಇಳಿಸಿಟ್ಟು, ಹಿಂದಿನ ಟ್ರಿಗರ್ ಕೂರದೆ ಇರುವವರೆಗೂ ಸ್ಕ್ರೂ ಒಳಗೆ ತಿರುಗಿಸಿ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ, ಪ್ರತಿ ಸಲ ಹಿಂದಿನದನ್ನು ಕೂರಿಸಿ ನೋಡುತ್ತಾ. ಕೂರಲು ಶುರುವಾದ ಜಾಗಕ್ಕೇ ನಿಲ್ಲಿಸಬೇಡಿ, ಇನ್ನೂ ಕಾಲು ಸುತ್ತು ಹೊರಗೆ ತನ್ನಿ. ಕೂರಿಸಿಟ್ಟು ಮರದ ಹಿಂಬದಿಗೆ ಅಂಗೈಯಿಂದ ತಟ್ಟಿ, ಬಿಟ್ಟುಕೊಂಡರೆ ಇನ್ನೂ ಸ್ವಲ್ಪ ಹೊರಗೆ. ಈಡಿನ ಕುಲುಕಿಗೆ ಸ್ಕ್ರೂ ತಾನೇ ತಿರುಗುವುದುಂಟು, ಎಳೆಗಳಿಗೆ ತುಸು ಜೇನುಮೇಣ ಹಚ್ಚಿ ಹಾಕಿದರೆ ನಿಲ್ಲುತ್ತದೆ.

ಹೀಗೆ ಮಾಡಿದ ಮೇಲೂ ಮುಂದಿನದು ಗಟ್ಟಿ ಅನ್ನಿಸಿದರೆ ಆ ಎರಡು ಕೊಕ್ಕೆಗಳ ಮುಖ ಒರಟಾಗಿದೆ. ಕಿಟ್‌ಗಳಲ್ಲಿ ಇದು ಮಾಮೂಲಿ, ಅಚ್ಚಿನಿಂದ ಬಂದ ಹಾಗೇ ಹಾಕಿರುತ್ತಾರೆ. ನಯವಾದ ಸಾಣೆಕಲ್ಲಿನಲ್ಲಿ ಒರಟು ಹೋಗುವಷ್ಟು ಮಾತ್ರ ತಿಕ್ಕಲಿ, ಆಕಾರ ಬದಲಾಗಬಾರದು.

ಕುದುರೆ ಅರ್ಧಕ್ಕೆ ನಿಲ್ಲುವುದು ಇದಕ್ಕಿಂತ ಮುಖ್ಯ. ಸ್ಪ್ರಿಂಗ್ ಸಿಯರ್ ತೋಳಿಗೆ ಹೊಡೆದು ತಕ್ಷಣ ಕೆಳಗೆ ಬೀಳುತ್ತದೆ, ಬೆರಳಿನ ಹಾಗೆ ಎತ್ತಿ ಹಿಡಿದುಕೊಂಡಿರುವುದಿಲ್ಲ. ಟಂಬ್ಲರ್ ಇನ್ನೂ ತಿರುಗುತ್ತಿರುವಾಗಲೇ ಸಿಯರ್ ಮೂಗು ವಾಪಸ್ ಬಂದು ಅರ್ಧದ ಕಚ್ಚಿಗೆ ಗುದ್ದುತ್ತದೆ. ಹಾಗೆ ಆಗಬಾರದು ಅಂತಲೇ ಜೋಡಿ ಟ್ರಿಗರ್‌ಗೆ ಹೊಂದುವ ಲಾಕ್‌ಗಳ ಟಂಬ್ಲರ್‌ನಲ್ಲಿ ಫ್ಲೈ ಅನ್ನುವ ಪುಟ್ಟ ಎಸಳು ಇರುತ್ತದೆ, ಅದು ಮೂಗನ್ನು ಕಚ್ಚಿನ ಮೇಲಿಂದ ದಾಟಿಸುತ್ತದೆ. ಅಕ್ಕಿ ಕಾಳಿಗಿಂತ ದೊಡ್ಡದಲ್ಲ. ಲಾಕ್ ಬಿಚ್ಚಿ ತೊಳೆದಾಗ ಬಿದ್ದು ಕಳೆದುಹೋಗಿರಬಹುದು, ಇಲ್ಲವೇ ಜೋಡಿಸುವಾಗ ಎಣ್ಣೆಯ ಅಂಟಿಗೆ ಕಚ್ಚಿಕೊಂಡಿರಬಹುದು. ಲಾಕ್ ಬಿಚ್ಚಿದ ಮೇಜಿನ ಕೆಳಗೆ ಒಮ್ಮೆ ಹುಡುಕಿ ನೋಡಲಿ. ಅದು ಸರಿಯಾಗುವವರೆಗೆ ಜೋಡಿ ಟ್ರಿಗರ್ ಬಳಸಬೇಡಿ, ಒಂದೊಂದು ಗುದ್ದಿಗೂ ಮೂಗು, ಕಚ್ಚು ಎರಡೂ ಚೂರು ಚೂರೇ ಉದುರುತ್ತವೆ. ಫ್ಲೈ ಇಲ್ಲದ ಹಳೇ ಸೈನ್ಯದ ಲಾಕ್‌ಗೆ ಆಸೆಪಟ್ಟು ಜೋಡಿ ಟ್ರಿಗರ್ ಹಾಕಿಸುವವರಿಗೂ ಇದೇ ಗತಿ.

ಹಿಂದಿನದನ್ನು ಕೂರಿಸಿದ ಮೇಲೆ ಈಡು ಬೇಡ ಅನ್ನಿಸಿದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿದೆಯಾ ಕೇಳಿ. ನಳಿಗೆ ಅಪಾಯವಿಲ್ಲದ ಕಡೆ ಇರಲಿ. ಕುದುರೆಯನ್ನು ಹೆಬ್ಬೆರಳಿನಿಂದ ಪೂರ್ತಿ ಹಿಂದಕ್ಕೆ ಎಳೆದು ಭದ್ರವಾಗಿ ಹಿಡಿದು, ಮುಂದಿನ ಟ್ರಿಗರ್ ಮುಟ್ಟಿ ಸ್ಪ್ರಿಂಗ್ ಬಿಡಿಸಬೇಕು. ಆಗ ಕುದುರೆ ಬೀಳದೆ ಹಾಗೇ ಉಳಿಯಬಹುದು. ಆಮೇಲೆ ಹೆಬ್ಬೆರಳು ತೆಗೆಯದೆ ಟ್ರಿಗರ್ ಎಳೆದು, ಕುದುರೆಯನ್ನು ಮೆಲ್ಲಗೆ ಅರ್ಧದ ಕಚ್ಚಿಗಿಂತ ಕೆಳಗೆ ಇಳಿಸಿ, ಟ್ರಿಗರ್ ಬಿಟ್ಟು, ಮತ್ತೆ ಮೇಲಕ್ಕೆ ಎತ್ತಿ ಕ್ಲಿಕ್ ಅನ್ನುವವರೆಗೆ ತರಬೇಕು. ಕೇಪಿಗೆ ತಗಲುವಷ್ಟು ಇಳಿಸಬಾರದು. ಕೈ ಬೆವರಿದ್ದರೆ, ನಡುಗುತ್ತಿದ್ದರೆ ಈ ಸಾಹಸವೇ ಬೇಡ, ದಿಬ್ಬಕ್ಕೆ ಗುರಿ ಇಟ್ಟು ಹೊಡೆದುಬಿಡುವುದು ಮೇಲು.

ಪ್ರಶ್ನೆ: ಚಕಮಕಿ ಕಲ್ಲಿನ ರೈಫಲ್‌ನಲ್ಲಿ ಟ್ರಿಗರ್ ಎಳೆದು ಈಡು ಹಾರುವಷ್ಟರಲ್ಲಿ ತಡವಾಗುತ್ತದೆ. ಟ್ರಿಗರ್ ಹಗುರ ಮಾಡಿದರೆ ಬೇಗ ಹಾರುತ್ತದಾ? (ಅದೇ ಲ್ಯಾಂಕಾಸ್ಟರ್ ಮೇಡಂ, ಬಾಲಂಗೋಚಿಯಾಗಿ ಸೇರಿಸಿದ್ದು)

ಇಲ್ಲ. ಆ ತಡ ಶುರುವಾಗುವುದೇ ಸಿಯರ್ ಬಿಟ್ಟ ಮೇಲೆ. ಕಲ್ಲು ಉಕ್ಕಿಗೆ ಉಜ್ಜಬೇಕು, ಕಿಡಿ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ಬೀಳಬೇಕು, ಅದರ ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗಬೇಕು. ಈ ಕಾಯುವಿಕೆಯನ್ನು ಕಡಿಮೆ ಮಾಡಿದ್ದು ಕೇಪು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಬಡಿದರೆ ಸಿಡಿಯುವ ಮದ್ದಿನ ಪೇಟೆಂಟ್ ಪಡೆದದ್ದು 1807ರಲ್ಲಿ, ಕೇಪು ಬಂದದ್ದು ಅದರ ಬೆನ್ನಿಗೆ. ಹಕ್ಕಿಗಳು ಬಟ್ಟಲಿನ ಮಿಂಚು ಕಂಡು ಹಾರಿಹೋಗುತ್ತಿದ್ದವು ಅನ್ನುವುದೇ ಅವರ ಸಿಟ್ಟಿಗೆ ಕಾರಣವಂತೆ.

ತಡವಾಗುತ್ತಿದ್ದರೆ ಕಲ್ಲು ಚೂಪಾಗಿದೆಯಾ, ಆ ಸಣ್ಣ ತೂತು ಮಸಿ ಕಟ್ಟಿದೆಯಾ ನೋಡಿ. ಬಟ್ಟಲಿಗೆ ಮದ್ದು ಜಾಸ್ತಿ ತುಂಬಿ ತೂತನ್ನೇ ಮುಚ್ಚಿದರೂ ತಡವಾಗುತ್ತದೆ. ಅಭ್ಯಾಸಕ್ಕೆ ಕಲ್ಲಿನ ಬದಲು ಅದೇ ಅಳತೆಯ ಮರದ ತುಂಡು ಸಿಕ್ಕಿಸಿ, ಖಾಲಿ ರೈಫಲ್ ಹಿಡಿದು ಗೋಡೆಯ ಮೇಲಿನ ಚುಕ್ಕಿಗೆ ಗುರಿ ಇಟ್ಟು ಟ್ರಿಗರ್ ಎಳೆಯಲಿ. ಕುದುರೆ ಬಿದ್ದ ಮೇಲೂ ಚುಕ್ಕಿಯ ಮೇಲಿಂದ ಗುರಿ ಕದಲದೆ ಒಂದು ಕ್ಷಣ ನಿಲ್ಲಬೇಕು. ಬಹಳ ಜನ ಟ್ರಿಗರ್ ಎಳೆದ ಕೂಡಲೇ ಏನಾಯಿತು ಅಂತ ತಲೆ ಎತ್ತಿ ನೋಡುತ್ತಾರೆ, ಗುಂಡು ಇನ್ನೂ ನಳಿಗೆಯಲ್ಲೇ ಇರುತ್ತದೆ.